ಲೇಔಟಿನ ನಕ್ಷೆಯೂ ಹೆಣದ ದಾರಿಯೂ

ಅಳತೆ ಟೇಪಿಗೆ ಜಾತಿ ಇಲ್ಲ ಅಂತಾರೆ. ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಕೂತವರು, ಲೇಔಟು ಮಾಡುವವರು, ಅವರಿಗೆ ನಕ್ಷೆ ಬರೆದುಕೊಡುವ ಎಂಜಿನಿಯರುಗಳು, ಎಲ್ಲರದೂ ಇದೇ ಮಾತು. ರಸ್ತೆ ಇಷ್ಟಡಿ, ಚರಂಡಿ ಇಷ್ಟಡಿ, ಪಾರ್ಕಿಗೆ ಇಷ್ಟು ಗುಂಟೆ. ಇದರೊಳಗೆ ಹೊಲೆಯ ಎಲ್ಲಿ ಬಂದ, ಗೌಡ ಎಲ್ಲಿ ಬಂದ ಎಂದು ಕೇಳುತ್ತಾರೆ. ಹಾಗೆ ಕೇಳುವವರೆಲ್ಲ ಸುಳ್ಳುಗಾರರಲ್ಲ. ಅವರಲ್ಲಿ ಬಹಳ ಜನ ನಿಜವಾಗಿಯೂ ಹಾಗೇ ನಂಬಿದ್ದಾರೆ. ಸುಳ್ಳು ಹೇಳುವವನ ಜೊತೆ ಜಗಳ ಆಡಿದರೆ ಸಾಕು. ನಂಬಿದವನ ಜೊತೆ ಕೂತು ವಿಚಾರ ಮಾಡಬೇಕಾಗುತ್ತದೆ. ಆ ವಿಚಾರಕ್ಕಾಗಿ ಈ ಬರಹ.

ಪ್ರಶ್ನೆ ಇಷ್ಟು. ಒಂದು ತುಂಡು ಹೊಲದ ಮೇಲೆ ಮನೆಗಳು ಏಳಬೇಕು ಅಂದಾಗ ಯಾರನ್ನು ಕೇಳಬೇಕು? ಬೇಡ ಅನ್ನುವ ಹಕ್ಕು ಯಾರಿಗಿದೆ? ಯಾವ ಆಕ್ಷೇಪಣೆ ನ್ಯಾಯದ್ದು, ಯಾವುದು ಜಾತಿಯದ್ದು? ಇದನ್ನು ಕಚೇರಿಯ ಪ್ರಶ್ನೆ ಎಂದು ನಮ್ಮ ಲೇಖಕರು ಬಿಟ್ಟುಬಿಟ್ಟಿದ್ದಾರೆ. ಕಚೇರಿಯವರು ಇದನ್ನು ಪ್ರಶ್ನೆಯೇ ಅಲ್ಲ ಎಂದು ಬಿಟ್ಟುಬಿಟ್ಟಿದ್ದಾರೆ. ಇಬ್ಬರೂ ಬಿಟ್ಟದ್ದು ಕೇರಿಯ ಪಾಲಿಗೆ ಬಂದಿದೆ.

ಒಂದು

ತುಮಕೂರು, ಕೋಲಾರ, ಮಂಡ್ಯ, ದಾವಣಗೆರೆ, ಯಾವ ಪೇಟೆಯ ಹೊರಗಾದರೂ ಬಸ್ಸಿಳಿದು ನೋಡಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಮುಂದೆ ಒಂದು ಕಮಾನು. ಅದರ ಮೇಲೆ ಯಾವುದೋ ದೇವರ ಹೆಸರು, ಕೆಳಗೆ ಬಡಾವಣೆ ಎಂಬ ಮಾತು. ಪಕ್ಕದಲ್ಲಿ ಬೋರ್ಡು: ಡೀಸಿ ಕನ್ವರ್ಷನ್ ಆಗಿದೆ, ಬ್ಯಾಂಕ್ ಸಾಲ ಸಿಗುತ್ತದೆ. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಬೇಸಾಯಗಾರರಲ್ಲದವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆದಿದ್ದ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿದರು. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ತಿದ್ದಿಸಿಕೊಂಡಿದ್ದ ಅದೇ ಕಾಯ್ದೆ ಈಗ ದುಡ್ಡಿದ್ದವನನ್ನು ಹೊಲದೊಡೆಯ ಮಾಡಲು ಒಪ್ಪಿಕೊಂಡಿದೆ. ಆಮೇಲೆ ಸಣ್ಣ ಸಣ್ಣ ಲೇಔಟುಗಳಿಗೆ ಹಾದಿ ಇನ್ನೂ ಸಲೀಸಾಯಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾವ ಊರೂ ಅಲ್ಲ, ಎಷ್ಟೋ ಊರು. ಮೂರೆಕರೆ ಹೊಲ. ಮೂಡಲಿಗೆ ಕೇರಿ. ಪಡುವಲಿಗೆ ಹಳ್ಳದ ದಂಡೆಯಲ್ಲಿ ಕೇರಿಯವರು ಹೆಣ ಮಣ್ಣು ಮಾಡುವ ಜಾಗ. ನಡುವೆ ಈ ಹೊಲ. ಹೊಲದ ಬದುವಿನ ಮೇಲೆ ಹಾದುಹೋಗುವ ಕಾಲುದಾರಿ. ಮಳೆಗಾಲದಲ್ಲಿ ಹೆಂಗಸರು ಬೆರಕೆ ಸೊಪ್ಪು ಕೀಳುವುದು ಆ ಬದುವಿನಲ್ಲಿ. ಆಡು ಮೇಯುವುದು ಅಲ್ಲಿ. ತಮಟೆ ಬಡಿದುಕೊಂಡು ಚಟ್ಟ ಹೋಗುವುದು ಅಲ್ಲಿ.

ಹೊಲದ ಒಡೆಯ ಮಾರುತ್ತಾನೆ. ಕೊಂಡವನು ಅರ್ಜಿ ಹಾಕುತ್ತಾನೆ. ಸಾಗುವಳಿ ಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ವಿಚಾರ. ಹೊಲವನ್ನು ಸೈಟುಗಳಾಗಿ ಕುಯ್ದು ರಸ್ತೆ ಬಿಡುವ ನಕ್ಷೆಗೆ ಒಪ್ಪಿಗೆ ಕೊಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನ ವಿಚಾರ. ಫೈಲು ನಡೆಯುತ್ತದೆ. ಪಹಣಿ ಸರಿ ಇದೆಯೇ ನೋಡುತ್ತಾರೆ. ಮ್ಯುಟೇಷನ್ ನೋಡುತ್ತಾರೆ. ಸರ್ವೆ ಸ್ಕೆಚ್ಚು ನೋಡುತ್ತಾರೆ. ಕೆರೆ ಎಷ್ಟು ದೂರ, ಹೈಟೆನ್ಷನ್ ತಂತಿ ಎಷ್ಟು ದೂರ ನೋಡುತ್ತಾರೆ. ಮೂಲದಲ್ಲಿ ಇದು ಪರಿಶಿಷ್ಟರಿಗೆ ಮಂಜೂರಾದ ಭೂಮಿಯೋ ಎಂದೂ ನೋಡಬೇಕು. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಭೂಮಿ ಕೈಬದಲಾಗುವ ಹಾಗಿಲ್ಲ. ಈ ಕಾಯ್ದೆಯಡಿ ಭೂಮಿ ವಾಪಸು ಕೇಳುವವನು ಸಮಂಜಸವಾದ ಅವಧಿಯೊಳಗೆ ಬರಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಕ್ಷರ ಕಾಣದವನು, ತನ್ನ ಭೂಮಿಗೆ ಕಾಯ್ದೆ ಇದೆ ಎಂದೇ ಕೇಳದವನು ತಡವಾಗಿ ಬಂದದ್ದು ಅವನದೇ ತಪ್ಪಾಯಿತು. ದಲಿತ ಸಂಘಟನೆಗಳು ಬೀದಿಯಲ್ಲಿ ಕೂತ ಮೇಲೆ 2023ರಲ್ಲಿ ಕಾಯ್ದೆ ತಿದ್ದಿ ಆ ಕಾಲಮಿತಿಯನ್ನು ತೆಗೆಯಲು ನೋಡಿದರು. ತಡದ ವಾದ ಕೋರ್ಟುಗಳಲ್ಲಿ ಅಷ್ಟಕ್ಕೇ ನಿಂತಿಲ್ಲ.

ನಮ್ಮ ಉದಾಹರಣೆಯ ಹೊಲ ಮಂಜೂರಾತಿ ಭೂಮಿ ಅಲ್ಲ ಅಂತಲೇ ಇಟ್ಟುಕೊಳ್ಳಿ. ಎಲ್ಲ ಕಾಗದ ಸರಿ ಇದೆ. ಯಾರೂ ಲಂಚ ತಿಂದಿಲ್ಲ. ಯಾರೂ ಯಾರನ್ನೂ ಬೈದಿಲ್ಲ. ನಕ್ಷೆಗೆ ಸೀಲು ಬೀಳುತ್ತದೆ. ಮೂರು ತಿಂಗಳಿಗೆ ಕಾಂಪೌಂಡು ಏಳುತ್ತದೆ. ಆ ವರ್ಷ ಕೇರಿಯಲ್ಲಿ ಒಬ್ಬ ಮುದುಕ ಸಾಯುತ್ತಾನೆ. ಚಟ್ಟ ಕಾಂಪೌಂಡಿಗೆ ಬಂದು ನಿಲ್ಲುತ್ತದೆ.

ಈಗ ಹೇಳಿ, ತಪ್ಪು ಎಲ್ಲಿ ನಡೆಯಿತು? ಕಾನೂನು ಮುರಿದವರು ಯಾರೂ ಇಲ್ಲ. ಆದರೂ ಒಂದು ಕೇರಿ ತನ್ನ ಹೆಣ ಹೊತ್ತುಕೊಂಡು ನಿಂತಿದೆ. ಯಾರೂ ಮಾಡದ ಅನ್ಯಾಯ ಇದ್ದೀತೇ? ಇದ್ದೀತು ಅನ್ನುವುದೇ ನಮ್ಮ ಮೊದಲನೆಯ ಮಾತು. ಯಾರನ್ನು ಕೇಳಬೇಕೆಂಬ ಪಟ್ಟಿಯಲ್ಲಿ ಕೇರಿ ಇರಲಿಲ್ಲ. ಆ ಪಟ್ಟಿ ಬರೆದ ದಿನವೇ ಅನ್ಯಾಯ ನಡೆದುಹೋಗಿತ್ತು. ಉಳಿದವರು ಪಟ್ಟಿ ನೋಡಿ ಸಹಿ ಹಾಕಿದರು, ಅಷ್ಟೆ.

ಎರಡು

ದಾರಿ ಬಿಟ್ಟರೆ ಲೇಔಟಿನವನಿಗೆ ನಷ್ಟ ಅಲ್ಲವೇ ಅಂತಾರೆ. ಸರಿ, ಅವರ ಟೇಪನ್ನೇ ನಾವೂ ಹಿಡಿಯೋಣ. ನಮ್ಮ ಮನೆಗಳಲ್ಲಿ ಮೊದಲು ಲೆಕ್ಕ ಕಲಿತವರು ನಾವು. ಆ ಲೆಕ್ಕ ನಮ್ಮವರ ಕೆಲಸಕ್ಕೆ ಬರಲಿ.

ಮೂರೆಕರೆ ಅಂದರೆ 120 ಗುಂಟೆ. ಗುಂಟೆಗೆ 1,089 ಚದರಡಿ. ಒಟ್ಟು 1,30,680 ಚದರಡಿ. ಯೋಜನಾ ಕಚೇರಿಗಳಲ್ಲಿ ಬಹುಕಾಲ ನಡೆದುಬಂದ ಲೆಕ್ಕ ಹಿಡಿದರೆ ಇದರಲ್ಲಿ ಸೈಟುಗಳಿಗೆ ನೂರಕ್ಕೆ 55 ಪಾಲು, ಪಾರ್ಕಿಗೆ 10, ನಾಗರಿಕ ಸೌಲಭ್ಯಕ್ಕೆ 5, ಉಳಿದದ್ದು ರಸ್ತೆಗೆ. ಗುಂಟೆಯಲ್ಲಿ ಹೇಳುವುದಾದರೆ ಸೈಟಿಗೆ 66, ಪಾರ್ಕಿಗೆ 12, ಸೌಲಭ್ಯಕ್ಕೆ 6, ರಸ್ತೆಗೆ 36. ಮೂವತ್ತು ನಲವತ್ತರ ಸೈಟು 1,200 ಚದರಡಿ. 59 ಸೈಟು ಆಗುತ್ತದೆ.

ಚಟ್ಟ ಹೋಗಲು ಎಷ್ಟು ಬೇಕು? ಹಿಂದೆ ಇಬ್ಬರು, ಮುಂದೆ ಇಬ್ಬರು, ಪಕ್ಕದಲ್ಲಿ ಒಬ್ಬ. ಆರಡಿ ಸಾಕು. ಮೂರೆಕರೆ ಚೌಕವಾಗಿದ್ದರೆ ಈ ತುದಿಯಿಂದ ಆ ತುದಿಗೆ ಸುಮಾರು 360 ಅಡಿ. ಆರು ಮುನ್ನೂರರವತ್ತಲಿ 2,160 ಚದರಡಿ. ಎರಡು ಗುಂಟೆಗೂ ಚೂರು ಕಮ್ಮಿ. 120 ಗುಂಟೆಯಲ್ಲಿ ಎರಡು ಗುಂಟೆ. ಅದನ್ನೂ ಸೈಟಿನ ಪಾಲಿನಿಂದ ತೆಗೆಯಬೇಕಿಲ್ಲ. ಹೇಗೂ ರಸ್ತೆಗೆ 36 ಗುಂಟೆ ಬಿಡುತ್ತಾರೆ. ಆ ರಸ್ತೆಯನ್ನು ಪಡುವಲ ಬೇಲಿಯವರೆಗೆ ಎಳೆದು ಅಲ್ಲೊಂದು ಸಂದು ಬಿಟ್ಟರೆ ಮುಗಿಯಿತು. ಒಂದು ಸೈಟೂ ಕಮ್ಮಿಯಾಗಬೇಕಿಲ್ಲ.

ಹಾಗಾದರೆ ಯಾಕೆ ಬಿಡುವುದಿಲ್ಲ? ನಷ್ಟ ಚದರಡಿಯದಲ್ಲ. ಹೆಣ ಹೋಗುವ ರಸ್ತೆಯ ಪಕ್ಕದ ಸೈಟನ್ನು ಯಾರು ಕೊಳ್ತಾರೆ ಅನ್ನುವುದು ನಿಜವಾದ ಲೆಕ್ಕ. ಅದರಲ್ಲೂ ಕೇರಿಯ ಹೆಣ. ಟೇಪಿಗೆ ಜಾತಿ ಇಲ್ಲ ಅಂದವರೇ, ಇಗೋ, ಇಲ್ಲಿದೆ. ಟೇಪಿನ ಅಡಿಗಳಲ್ಲಿ ಅಲ್ಲ, ಸೈಟಿನ ರೇಟಿನಲ್ಲಿ. ಸೈಟಿನ ಬೆಲೆ ಅನ್ನುವುದು ಮಣ್ಣಿನ ಬೆಲೆ ಅಷ್ಟೇ ಆಗಿದ್ದರೆ ಒಂದೇ ಹೊಲದ ಎರಡು ಮೂಲೆಗೆ ಎರಡು ರೇಟು ಇರುತ್ತಿರಲಿಲ್ಲ. ಪಕ್ಕದಲ್ಲಿ ಯಾರು ಇರುವುದಿಲ್ಲ ಎಂಬ ಭರವಸೆಗೂ ಜನ ದುಡ್ಡು ಕೊಡುತ್ತಾರೆ.

ಮೂರು

ಕಾನೂನು ಬಲ್ಲವರು ಇಲ್ಲೊಂದು ಮಾತು ಹೇಳುತ್ತಾರೆ. ದಾರಿಯ ಹಕ್ಕು ಎಂಬುದು ಇದೆಯಲ್ಲ, 1882ರ ಅನುಭೋಗ ಹಕ್ಕುಗಳ ಕಾಯ್ದೆ ಇದೆಯಲ್ಲ, ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದಿದ್ದರೆ ಹಕ್ಕು ಬರುತ್ತದೆ, ಕೋರ್ಟಿಗೆ ಹೋಗಿ ಅಂತಾರೆ. ಇಪ್ಪತ್ತೇನು, ಇನ್ನೂರು ವರ್ಷ ನಡೆದಿದ್ದೇವೆ. ಆದರೆ ಆ ಕಾಯ್ದೆಯ ಒಳಗೆ ಎರಡು ಮುಳ್ಳಿವೆ.

ಒಂದು, ಅಂಥ ಹಕ್ಕು ಸಾಮಾನ್ಯವಾಗಿ ಭೂಮಿಗೆ ಅಂಟಿಕೊಂಡ ಹಕ್ಕು. ತನ್ನ ಭೂಮಿಯ ಅನುಭವಕ್ಕಾಗಿ ಇನ್ನೊಬ್ಬರ ಭೂಮಿಯ ಮೇಲೆ ನಡೆಯುವವನಿಗೆ ಅದು. ಭೂಮಿಯೇ ಇಲ್ಲದವನಿಗೆ ಆ ಬಾಗಿಲು ಇಕ್ಕಟ್ಟು. ಊರ ರೂಢಿಯ ಹಕ್ಕು ಎಂಬ ಇನ್ನೊಂದು ಬಾಗಿಲು ಅದರಲ್ಲೇ ಇದೆ. ರೂಢಿಯನ್ನು ನಾವೇ ಸಾಬೀತು ಮಾಡಬೇಕು. ಎರಡು, ಆ ಇಪ್ಪತ್ತು ವರ್ಷ ಹಕ್ಕಿನಿಂದ ಎಂಬಂತೆ ನಡೆದಿರಬೇಕು. ಒಡೆಯನ ಅಪ್ಪಣೆ ಪಡೆದು ನಡೆದದ್ದು ಹಕ್ಕಾಗುವುದಿಲ್ಲ.

ಗೆಳೆಯರೆ, ಈ ಎರಡನೆಯದನ್ನು ಸ್ವಲ್ಪ ನಿಂತು ಯೋಚಿಸಿ. ನಮ್ಮ ಅಜ್ಜಂದಿರು ಆ ಬದುವಿನ ಮೇಲೆ ಹೇಗೆ ನಡೆದರು? ಕಾಲಲ್ಲಿದ್ದುದನ್ನು ಕೈಗೆ ತೆಗೆದುಕೊಂಡು, ಹೆಗಲ ಮೇಲಿನ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಡೆಯ ಕಂಡರೆ ಪಕ್ಕಕ್ಕೆ ಸರಿದು, ಹೆಣ ಐತೆ ಬುದ್ಧಿ, ಹೋಗ್ತೀವಿ ಬುದ್ಧಿ ಎಂದು ನಡೆದರು. ಎದೆ ಸೆಟೆಸಿ ನಡೆದವನಿಗೆ ಇಪ್ಪತ್ತು ವರ್ಷಕ್ಕೆ ಹಕ್ಕು ಹುಟ್ಟುತ್ತದೆ. ಬಗ್ಗಿ ನಡೆದವನಿಗೆ ಇನ್ನೂರು ವರ್ಷಕ್ಕೂ ಹುಟ್ಟದೆ ಹೋಗಬಹುದು. ನಮ್ಮನ್ನು ಬಗ್ಗಿಸಿದ್ದು ಯಾವುದೋ, ಬಗ್ಗಿದ್ದೀರಿ ಆದ್ದರಿಂದ ಹಕ್ಕಿಲ್ಲ ಎನ್ನುವುದೂ ಅದೇ. ಈ ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಇಬ್ಬರು ನೆರೆಯ ಜಮೀನುದಾರರು. ಅವರಿಬ್ಬರ ನಡುವೆ ಕಾನೂನು ಸರಿಯಾಗಿಯೇ ಇದೆ. ಮೂರನೆಯವನೊಬ್ಬ ಆ ಬದುವಿನ ಮೇಲೆ ನಡೆಯುತ್ತಾನೆ ಎಂಬುದು ಅವರಿಗೆ ಕಾಣಲಿಲ್ಲ.

ಕಾಣದೆ ಹೋದದ್ದು ವಿಚಿತ್ರ. ಯಾಕೆಂದರೆ ಎಲ್ಲೆ ಅನ್ನುವುದು ನಮ್ಮವರ ವಿದ್ಯೆ. ಮೈಸೂರು ಸೀಮೆಯಲ್ಲಿ ಊರಿನ ಎಲ್ಲೆ ಜಗಳ ಬಂದಾಗ ಹೊಲೆಯರ ಕುಳವಾಡಿಯ ಮಾತೇ ಕೊನೆಯ ಮಾತು ಎಂದು 19ನೇ ಶತಮಾನದ ಬ್ರಿಟಿಷ್ ಬರಹಗಳೇ ಹೇಳುತ್ತವೆ. ಯಾವ ಕಲ್ಲು ಎಲ್ಲಿ, ಯಾವ ಹಳ್ಳ ಯಾರದು ಎಂದು ಬಲ್ಲವನು ಅವನು. ಊರಿನ ಎಲ್ಲೆ ತೋರಿಸಲು ಅವನು ಬೇಕು. ಎಲ್ಲೆಯ ಒಳಗೆ ಅವನು ಬೇಡ. ಇವತ್ತಿನ ಸರ್ವೆಯಲ್ಲೂ ಬಿಸಿಲಲ್ಲಿ ಸರಪಳಿಯ ತುದಿ ಹಿಡಿದು, ಕಲ್ಲು ಹೂಳಲು ಗುಂಡಿ ತೋಡುವ ಕೂಲಿ ಬಹಳ ಕಡೆ ಕೇರಿಯವನೇ. ಅವನ ಕೈ ಅಳೆದ ನಕ್ಷೆಯಲ್ಲಿ ಅವನ ಕಾಲು ನಡೆದ ಗೆರೆ ಇಲ್ಲ.

ನಾಲ್ಕು

ಆಸ್ತಿಯ ಮಾತು ಮತ್ತು ಬಳಕೆಯ ಮಾತು ಎದುರಾಬದುರು ನಿಂತದ್ದು ಇದೇ ಮೊದಲಲ್ಲ. ನಮ್ಮ ಚಳವಳಿಯ ಹುಟ್ಟಿನಲ್ಲೇ ಆ ಜಗಳ ಇದೆ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು 1923ರಲ್ಲಿ ಬೊಂಬಾಯಿ ಶಾಸನ ಸಭೆ ನಿರ್ಣಯ ಮಾಡಿತು. ಮಹಾಡಿನ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆ ತೆರೆದಿದೆ ಎಂದಿತು. ಕಾಗದದ ಮೇಲೆ ಎಲ್ಲ ಸರಿಯಿತ್ತು. ಕೆರೆಗೆ ಯಾರೂ ಇಳಿದಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ನೀರು ಮುಟ್ಟಿದರು. ಆಮೇಲೆ ಮೇಲುಜಾತಿಯವರು ಕೋರ್ಟಿಗೆ ಹೋದರು. ಏನೆಂದು ಹೋದರು? ಅಸ್ಪೃಶ್ಯರು ಮುಟ್ಟಬಾರದು ಎಂದಷ್ಟೇ ಹೇಳಲಿಲ್ಲ. ಈ ಕೆರೆ ನಮ್ಮ ಖಾಸಗಿ ಆಸ್ತಿ ಅಂದರು. ಹತ್ತು ವರ್ಷದ ಮೇಲೆ, 1937ರಲ್ಲಿ, ಬೊಂಬಾಯಿ ಹೈಕೋರ್ಟಿನಲ್ಲಿ ಅವರು ಸೋತರು.

ಆ ಮೊಕದ್ದಮೆಯಿಂದ ನಾವು ಕಲಿಯಬೇಕಾದ ಪಾಠ ಇದೆ. ಜಾತಿ ತನ್ನ ಹೆಸರಿನಲ್ಲೇ ಮಾತಾಡಲು ನಾಚಿಕೊಂಡಾಗ ಆಸ್ತಿಯ ಹೆಸರಿನಲ್ಲಿ ಮಾತಾಡುತ್ತದೆ. ಅವತ್ತು ಕೆರೆಯ ಆಸ್ತಿ. ಇವತ್ತು ಲೇಔಟಿನ ಆಸ್ತಿ. ಹಾಗೆಂದು ಆಸ್ತಿಯ ಮಾತೆಲ್ಲ ಜಾತಿಯ ಮಾತು ಎಂದು ನಾವು ಹೇಳುವುದಿಲ್ಲ. ಸಾಲ ಮಾಡಿ ಒಂದು ಸೈಟು ಕೊಂಡ ಗಾರೆ ಮೇಸ್ತ್ರಿಗೂ ಆಸ್ತಿಯ ಹಕ್ಕು ಬೇಕು. ಯಾವಾಗ ಅದು ಹಕ್ಕು, ಯಾವಾಗ ಅದು ಮುಖವಾಡ ಎಂದು ತಿಳಿಯಲು ಒಂದು ಒರೆಗಲ್ಲು ಬೇಕು. ಆ ಒರೆಗಲ್ಲಿಗೆ ಬರುವ ಮೊದಲು ಇನ್ನೊಂದು ಪ್ರಶ್ನೆಯನ್ನು ದಾಟಬೇಕು: ನೆರೆಯವರನ್ನು ಆರಿಸಿಕೊಳ್ಳುವ ಹಕ್ಕು ಮನುಷ್ಯನಿಗೆ ಇದೆಯೇ?

ಐದು

1917ರಲ್ಲಿ ಇಬ್ಬರು ಕರಿಯರ ಮುಂದೆ ಮನೆಯ ಪ್ರಶ್ನೆ ನಿಂತಿತ್ತು. ಒಬ್ಬರು ನಮ್ಮ ಅಂಬೇಡ್ಕರ್. ನ್ಯೂಯಾರ್ಕಿನಲ್ಲಿ ಓದಿ ಬಂದು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಉಳಿದರು. ಜಾತಿ ತಿಳಿದ ಮೇಲೆ ಕೋಲು ಹಿಡಿದ ಗುಂಪು ಬಂತು, ಬಿಟ್ಟು ಹೋಗಬೇಕಾಯಿತು. ಅಮೆರಿಕದ ಪದವಿ ಕೈಯಲ್ಲಿತ್ತು, ತಲೆ ಮೇಲೆ ಸೂರಿರಲಿಲ್ಲ.

ಅದೇ ವರ್ಷ ಅವರು ಬಿಟ್ಟುಬಂದ ಅಮೆರಿಕದಲ್ಲಿ ಇನ್ನೊಂದು ಮೊಕದ್ದಮೆ ತೀರ್ಮಾನವಾಯಿತು. ಕೆಂಟಕಿಯ ಲೂಯಿವಿಲ್ ಎಂಬ ನಗರದಲ್ಲಿ ಒಂದು ಕಟ್ಟಳೆ ಇತ್ತು. ಬಿಳಿಯರೇ ಹೆಚ್ಚಿರುವ ಬೀದಿಯಲ್ಲಿ ಕರಿಯ ಮನೆ ಮಾಡುವಂತಿಲ್ಲ. ಕರಿಯರೇ ಹೆಚ್ಚಿರುವ ಬೀದಿಯಲ್ಲಿ ಬಿಳಿಯ ಮನೆ ಮಾಡುವಂತಿಲ್ಲ. ನೋಡಿ, ಎಷ್ಟು ಸಮಾನ! ಅಲ್ಲಿನ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನು ಹೊಡೆದು ಹಾಕಿತು. ಒಳ್ಳೆಯದಾಯಿತು. ಆದರೆ ಯಾವ ಕಾರಣಕ್ಕೆ? ಮುಖ್ಯವಾಗಿ ಮಾರುವವನ ಆಸ್ತಿ ಹಕ್ಕಿಗೆ ಧಕ್ಕೆ ಎಂಬ ಕಾರಣಕ್ಕೆ. ಬಿಳಿಯನೊಬ್ಬ ತನ್ನ ಸೈಟನ್ನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಉಳಿಯಿತು. ಕೊಳ್ಳುವ ಕರಿಯನಿಗೆ ಅಲ್ಲಿ ಬದುಕುವ ಹಕ್ಕು ಆ ಸ್ವಾತಂತ್ರ್ಯದ ನೆರಳಾಗಿ ಬಂತು. ನೆರಳು ಎಷ್ಟು ಹೊತ್ತು ನಿಂತೀತು? ಮಾರುವವರೇ ಒಟ್ಟಾಗಿ, ಕರಿಯರಿಗೆ ಮಾರುವುದಿಲ್ಲ ಎಂದು ಕರಾರು ಬರೆದುಕೊಳ್ಳತೊಡಗಿದರು. ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಬಾರದು ಎನ್ನಲು 1948ರವರೆಗೆ ಕಾಯಬೇಕಾಯಿತು.

ನಮ್ಮ ದೇಶದಲ್ಲೂ ಈ ಪ್ರಶ್ನೆ ದೊಡ್ಡ ಕೋರ್ಟಿನವರೆಗೆ ಹೋಗಿದೆ. ಅಹಮದಾಬಾದಿನ ಒಂದು ಪಾರ್ಸಿ ಗೃಹ ಸಹಕಾರ ಸಂಘ ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ನಿಯಮ ಇಟ್ಟುಕೊಂಡಿತ್ತು. ಇಟ್ಟುಕೊಳ್ಳಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಅನ್ನುವುದು ಅದರ ಆಧಾರ. ಸಂಖ್ಯೆಯಲ್ಲಿ ಕ್ಷೀಣಿಸುತ್ತಿರುವ ಒಂದು ಚಿಕ್ಕ ಸಮುದಾಯ ಒಟ್ಟಿಗಿರಬೇಕು ಎನ್ನುವುದು ನಮಗೂ ಅರ್ಥವಾಗುತ್ತದೆ. ಆದರೆ ಆ ಬಾಗಿಲಿನಲ್ಲಿ ಹಿಂದೆಯೇ ಯಾರು ಬರುತ್ತಾರೆ ಎಂದು ನಾವು ನೋಡಬೇಕು. ಊರನ್ನೆಲ್ಲ ಆಳಿದವರು, ನಾವೂ ಒಟ್ಟಿಗಿರುತ್ತೇವೆ, ಇದು ಸಸ್ಯಾಹಾರಿಗಳ ಬಡಾವಣೆ ಅನ್ನುತ್ತಾ ಬರುತ್ತಾರೆ. ಕೆಳಗಿನವರು ಒಟ್ಟಿಗಿರುವುದು ಆಸರೆಗೆ. ಮೇಲಿನವರು ಒಟ್ಟಿಗಿರುವುದು ಬೇಲಿಗೆ. ಎರಡಕ್ಕೂ ಒಂದೇ ಸ್ವಾತಂತ್ರ್ಯ ಎಂಬ ಹೆಸರು ಕೊಟ್ಟರೆ ಹೆಸರು ಉಳಿಯುತ್ತದೆ, ಸ್ವಾತಂತ್ರ್ಯ ಉಳಿಯುವುದಿಲ್ಲ.

ನಮ್ಮ ಉತ್ತರ ಹೀಗಿದೆ. ಗೆಳೆಯರನ್ನು ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ನೆರೆಯವರನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನೆರೆ ಅಂದರೆ ನಾವು ಆರಿಸದೆಯೇ ನಮ್ಮ ಪಕ್ಕಕ್ಕೆ ಬಂದವನು. ಆರಿಸದೆ ಬಂದವನ ಜೊತೆ ನ್ಯಾಯವಾಗಿ ಇರಲು ಕಲಿಯುವುದಕ್ಕೇ ನಾಗರಿಕತೆ ಅನ್ನುವುದು. ಸಂವಿಧಾನದ ಬಂಧುತ್ವ ಎಂಬ ಮಾತನ್ನು ಭಾಷಣಕ್ಕೆ ಬಿಡದೆ ನೆಲಕ್ಕೆ ಇಳಿಸಿದರೆ ಅದು ನೆರೆಹೊರೆ ಎಂಬ ಮಾತಾಗುತ್ತದೆ.

ಆರು

ಈಗ ಚಿತ್ರವನ್ನು ತಿರುಗಿಸಿ ನೋಡೋಣ. ಇಲ್ಲದಿದ್ದರೆ ನಮ್ಮ ವಿಚಾರ ನಮಗೆ ಅನುಕೂಲವಾದಷ್ಟೇ ಆಗುತ್ತದೆ.

ಸರ್ಕಾರ ಕೇರಿಯವರಿಗೆ ಸೈಟು ಕೊಡಲು ಊರ ಪಕ್ಕದಲ್ಲೇ ಮೂರೆಕರೆ ಗುರುತಿಸಿತು ಅನ್ನಿ. ಅವತ್ತು ಆಕ್ಷೇಪಣೆ ಎತ್ತುವವರು ಯಾರು? ಊರಿನವರು. ಏನಂತಾರೆ? ಗೋಮಾಳ ಹೋಗ್ತದೆ, ದನಕ್ಕೆ ಮೇವಿಲ್ಲ. ಕೆರೆಗೆ ಕೊಳಕು ಸೇರ್ತದೆ. ಗುಡಿಗೆ ಹತ್ರ ಆಯ್ತು. ಹುಡುಗರು ಕೆಡ್ತಾರೆ. 1970ರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ಜನತಾ ಮನೆಗಳಾದವು, ಆಮೇಲೆ ಆಶ್ರಯ ಮನೆಗಳಾದವು. ಸೂರು ಸಿಕ್ಕಿತು, ಅದು ದೊಡ್ಡದೇ. ಆದರೆ ಎಷ್ಟೋ ಊರುಗಳಲ್ಲಿ ಆ ಸಾಲುಮನೆಗಳು ಎಲ್ಲಿವೆ ಎಂದು ಹೋಗಿ ನೋಡಿ. ಊರಾಚೆ, ಹಳೆಯ ಕೇರಿಗೂ ಆಚೆ, ಕಲ್ಲುಗುಟ್ಟೆಯ ಪಕ್ಕ. ಹಳೆಯ ಹೊಲಗೇರಿಯನ್ನು ಜಾತಿ ಹೊರಗಿಟ್ಟಿತ್ತು. ಹೊಸ ಕಾಲನಿಯನ್ನು ನಕ್ಷೆ ಹೊರಗಿಟ್ಟಿತು. ಅದಕ್ಕೂ ಸೀಲು ಬಿದ್ದಿತ್ತು, ಅದಕ್ಕೂ ಟೇಪು ಹಿಡಿದಿದ್ದರು.

ಹಾಗಾದರೆ ಲೇಔಟಿನ ವಿರುದ್ಧ ಕೇರಿಯ ಆಕ್ಷೇಪಣೆಗೂ, ಆಶ್ರಯ ಸೈಟಿನ ವಿರುದ್ಧ ಊರಿನ ಆಕ್ಷೇಪಣೆಗೂ ಏನು ವ್ಯತ್ಯಾಸ? ಅವರೂ ಬೇಡ ಅಂತಾರೆ, ನೀವೂ ಬೇಡ ಅಂತೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳೋಣ? ನಾವು ಬಡವರು ಎಂದರೆ ಸಾಲದು. ಬಡವ ಹೇಳಿದ್ದೆಲ್ಲ ನ್ಯಾಯವಲ್ಲ.

ಒರೆಗಲ್ಲು ಇಲ್ಲಿದೆ. ನಕ್ಷೆ ತಿದ್ದಿದರೆ ತೀರುವ ಆಕ್ಷೇಪಣೆ ಬಳಕೆಯದು. ನಕ್ಷೆಯನ್ನು ಹೇಗೆ ತಿದ್ದಿದರೂ ತೀರದೆ, ಮನುಷ್ಯನನ್ನು ಅಳಿಸಿದರೆ ಮಾತ್ರ ತೀರುವ ಆಕ್ಷೇಪಣೆ ಜಾತಿಯದು.

ಕೇರಿ ಕೇಳುತ್ತಿರುವುದು ಆರಡಿ ದಾರಿ. ಬಿಟ್ಟುಕೊಡಿ, ನಮ್ಮ ಆಕ್ಷೇಪಣೆ ಅವತ್ತೇ ಮುಗಿಯಿತು. ಐವತ್ತೊಂಬತ್ತು ಮನೆ ಏಳಲಿ, ಗೃಹಪ್ರವೇಶಕ್ಕೆ ಕರೆದರೆ ಬಂದು ಉಂಡೂ ಹೋಗುತ್ತೇವೆ. ಊರಿನವರನ್ನೂ ಹಾಗೇ ಕೇಳಿ. ಕೆರೆಗೆ ಕೊಳಕು ಅಂತೀರಿ, ಚರಂಡಿಯನ್ನು ಆ ಕಡೆ ತಿರುಗಿಸುತ್ತೇವೆ, ಆಯಿತೇ? ಮೇವು ಹೋಗ್ತದೆ ಅಂತೀರಿ, ಅಷ್ಟೇ ಗೋಮಾಳವನ್ನು ಬೇರೆ ಕಡೆ ಬಿಡಿಸುತ್ತೇವೆ, ಆಯಿತೇ? ಆಯಿತು ಅಂದರೆ ಅವರದ್ದೂ ನ್ಯಾಯದ ಮಾತು, ಕೇಳಬೇಕು, ತಿದ್ದಬೇಕು. ಚರಂಡಿ ತಿರುಗಿಸಿದ ಮೇಲೂ, ಗೋಮಾಳ ಬಿಡಿಸಿದ ಮೇಲೂ, ಆದ್ರೂ ಇಲ್ಲಿ ಬೇಡ ಅಂದರೆ ಒಳಗಿರುವುದು ಹೊರಗೆ ಬಂತು. ಅಂಥ ಆಕ್ಷೇಪಣೆಯನ್ನು ಕಚೇರಿ ಫೈಲಿಗೆ ಹಾಕಿಕೊಳ್ಳಲೇಬಾರದು.

ಇದೇ ಒರೆಗಲ್ಲಿಗೆ ನಮ್ಮನ್ನೂ ತಿಕ್ಕಿ ನೋಡಬೇಕು. ಆ ಲೇಔಟಿಗೆ ಗಾರೆ ಕೆಲಸಕ್ಕೆ ರಾಯಚೂರು, ಕಲಬುರಗಿ, ಬಿಹಾರದ ಕಡೆಯಿಂದ ಜನ ಬರುತ್ತಾರೆ. ಕೇರಿಯ ಪಕ್ಕ ಶೀಟಿನ ಶೆಡ್ಡು ಹಾಕುತ್ತಾರೆ. ನಲ್ಲಿ ನೀರು ಸಾಲದು ಎಂದು ಕೇರಿ ತಕರಾರು ತೆಗೆದರೆ ಅದು ನಲ್ಲಿಯ ಮಾತು. ಇನ್ನೊಂದು ನಲ್ಲಿ ಕೇಳೋಣ. ಅವರ ಭಾಷೆ ಬೇರೆ, ಅವರು ಕಳ್ಳರು, ಓಡಿಸಿ ಎಂದು ತಕರಾರು ತೆಗೆದರೆ ಕೇರಿಯೊಳಗೂ ಒಂದು ಊರು ಹುಟ್ಟಿತು ಎಂದೇ ಲೆಕ್ಕ. ಹೊಲೆಯರ ಸ್ಮಶಾನದಲ್ಲಿ ಮಾದಿಗರ ಹೆಣಕ್ಕೆ ಜಾಗವಿಲ್ಲ ಎನ್ನುವ ಕಡೆಯೂ, ಮಾದಿಗರ ಬೀದಿಯಲ್ಲಿ ಅಲೆಮಾರಿಗೆ ಸೈಟು ಬೇಡ ಎನ್ನುವ ಕಡೆಯೂ ಒರೆಗಲ್ಲು ಇದೇ. ಒರೆಗಲ್ಲಿಗೆ ನಮ್ಮವರು, ಹೊರಗಿನವರು ಎಂಬುದಿಲ್ಲ.

ಏಳು

ಇದನ್ನೆಲ್ಲ ಊರಿಗೇ ಬಿಟ್ಟುಬಿಡಿ, ಗ್ರಾಮಸಭೆ ತೀರ್ಮಾನಿಸಲಿ ಎನ್ನುವವರಿದ್ದಾರೆ. ಮಾತು ಚೆನ್ನಾಗಿದೆ. ಆದರೆ ಊರು ಅಂದರೆ ಏನು ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎದ್ದು ನಿಂತು ಹೇಳಿದ್ದನ್ನು ನಾವು ಮರೆತಿಲ್ಲ. ಕೈ ಎತ್ತಿಸಿ ಎಣಿಸಿದರೆ ಕೇರಿ ಯಾವತ್ತೂ ಕಡಿಮೆಯೇ. ಆದ್ದರಿಂದ ಊರನ್ನು ಕೇಳುವುದು ಬೇಕು, ಅಷ್ಟೇ ಸಾಲದು. ಹೆಣ ಹೋಗುವ ದಾರಿ, ಕುಡಿಯುವ ನೀರು, ಶಾಲೆಗೆ ಹೋಗುವ ದಾರಿ, ಇವು ಕೈ ಎಣಿಸಿ ತೀರ್ಮಾನಿಸುವ ಸಂಗತಿಗಳಲ್ಲ. ನೂರು ಕೈ ಎದ್ದರೂ ಒಂದು ಚಟ್ಟವನ್ನು ತಡೆಯುವಂತಿಲ್ಲ.

ಈ ಮಾತಿಗೆ ಇವತ್ತು ಕಾನೂನಿನ ಬಲ ಸ್ವಲ್ಪ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಂತೆ, ಪರಿಶಿಷ್ಟರು ಸ್ಮಶಾನವನ್ನು, ರಸ್ತೆಯನ್ನು, ದಾರಿಯನ್ನು ಇತರರಂತೆ ಬಳಸದ ಹಾಗೆ ತಡೆಯುವುದು ಅಪರಾಧ. ಆದರೆ ಈ ಕಾಯ್ದೆ ಬರುವು‌ದು ಚಟ್ಟ ತಡೆದ ಮೇಲೆ, ಪೋಲೀಸರು ಬಂದ ಮೇಲೆ. ನಾವು ಕೇಳುತ್ತಿರುವುದು ನಕ್ಷೆಗೆ ಸೀಲು ಬೀಳುವ ಮುಂಚಿನ ಮಾತು. ಕೇಸು ಗೆಲ್ಲುವುದಕ್ಕಿಂತ ದಾರಿ ಇರುವುದು ಮೇಲು.

ಇದಕ್ಕೆ ಮಂತ್ರಿಗಳನ್ನು ಕಾಯಬೇಕಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನಿಂದ ರಜೆಗೆ ಬರುವ ತಮ್ಮ ತಂಗಿಯರೇ, ಈ ಕೆಲಸ ನಿಮ್ಮಿಂದ ಆಗುತ್ತದೆ. ನಿಮ್ಮೂರಿನ ಗ್ರಾಮನಕ್ಷೆಯ ಪ್ರತಿಯನ್ನು ಸರ್ವೆ ಇಲಾಖೆಯಿಂದ ತೆಗೆಸಿ. ಬಂಡಿದಾರಿ, ಕಾಲುದಾರಿ, ಹಳ್ಳ, ಸ್ಮಶಾನ ಯಾವುದು ಅದರಲ್ಲಿದೆ, ಯಾವುದಿಲ್ಲ ನೋಡಿ. ಪಹಣಿಯ ಖರಾಬು ಕಾಲಮ್ಮನ್ನು ಓದಿ. ಸಾರ್ವಜನಿಕ ಉಪಯೋಗದ ಬಿ ಖರಾಬು ಯಾರ ಖಾಸಗಿ ಆಸ್ತಿಯೂ ಅಲ್ಲ. ನಕ್ಷೆಯಲ್ಲಿ ಇಲ್ಲದ ದಾರಿಯನ್ನು ಕೇರಿಯ ಮುದುಕ ಮುದುಕಿಯರನ್ನು ಜೊತೆಗೆ ಕರೆದುಕೊಂಡು ನಡೆದು, ಅಳೆದು, ಬರೆದಿಡಿ. ಯಾರ ಹೆಣ ಯಾವ ವರ್ಷ ಈ ದಾರಿಯಲ್ಲಿ ಹೋಯಿತು ಎಂದು ಅವರಿಗೆ ನೆನಪಿದೆ. ಆ ನೆನಪಿಗೆ ತಾರೀಖು ಹಾಕಿ, ಹೆಬ್ಬೆಟ್ಟು ಹಾಕಿಸಿ. ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಠರಾವಿಗೆ ಸೇರಿಸಿ. ಭೂಪರಿವರ್ತನೆಯ ಅರ್ಜಿ ಬಂದಿದೆಯೇ ಎಂದು 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ಒಪ್ಪಿಗೆ ಪಡೆದ ಲೇಔಟಿನಲ್ಲಿ ರಸ್ತೆ, ಪಾರ್ಕು ಪಂಚಾಯಿತಿಯ ಸುಪರ್ದಿಗೆ ಬಂದ ಮೇಲೆ ಅದು ನಮ್ಮೆಲ್ಲರದು. ಅದಕ್ಕೆ ಗೇಟು ಹಾಕಿದರೆ ಯಾವ ಆದೇಶದ ಮೇಲೆ ಹಾಕಿದ್ದೀರಿ ಎಂದು ಕೇಳಿ.

ನಾವು ಲೇಔಟಿನ ವೈರಿಗಳಲ್ಲ. ನಮಗೂ ಸೈಟು ಬೇಕು. ಹತ್ತು ಜನ ಇರುವ ಒಂದಂಕಣದ ಮನೆಯಲ್ಲಿ ಬುಡ್ಡಿದೀಪ ಇಟ್ಟುಕೊಂಡು ಓದಿದವರಿಗೆ ಮೂವತ್ತು ನಲವತ್ತರ ಒಂದು ಸೈಟು ಏನೆಂದು ಗೊತ್ತಿದೆ. ನಾವು ಕೇಳುವುದು ಎರಡೇ. ಸೈಟು ಮಾರುವಾಗ ನಮ್ಮ ಹೆಸರಿನ ಹಿಂದೆ ಏನಿದೆ ಎಂದು ಕೇಳಬೇಡಿ. ನಕ್ಷೆ ಬರೆಯುವಾಗ ಈ ನೆಲದ ಮೇಲೆ ಯಾರು ನಡೆಯುತ್ತಾರೆ ಎಂದು ಕೇಳಿ.

ಆಸ್ತಿ ಇರುವವನು ಕಳೆದುಕೊಂಡರೆ ಅವನಿಗೆ ಪರಿಹಾರ ಎಂಬುದಿದೆ, ಕಾಗದವಿದೆ, ವಕೀಲನಿದ್ದಾನೆ. ಏನೂ ಇಲ್ಲದವನು ಕಳೆದುಕೊಳ್ಳುವುದು ಯಾವ ಕಾಗದದಲ್ಲೂ ಕಾಣುವುದಿಲ್ಲ. ಅದಕ್ಕೇ ಮೊದಲು ಅವನನ್ನು ಕೇಳಬೇಕು. ಯೋಜನೆ ಎಂಬ ಮಾತಿಗೆ ನ್ಯಾಯ ಎಂಬ ಅರ್ಥ ಬರಬೇಕಾದರೆ ನಕ್ಷೆಯ ಮೇಲೆ ಮೊದಲ ಗೆರೆ ಅವನ ಕಾಲುದಾರಿಯದಾಗಬೇಕು. ಸೈಟಿನ ಗೆರೆಗಳನ್ನು ಆಮೇಲೆ ಎಳೆದುಕೊಳ್ಳಲಿ. ಜಾಗ ಬೇಕಾದಷ್ಟಿದೆ, ನಾವೇ ಅಳೆದು ನೋಡಿದ್ದೇವೆ.